ಆರು ವಾರಕ್ಕೊಮ್ಮೆ, ಮಂಗಳವಾರ ಹನ್ನೊಂದಕ್ಕೆ

ಜನವರಿ 19

ಅಮ್ಮಾ,

ಕಾಗದ ನೋಡಿ ಗಾಬರಿಯಾಗಬೇಡ, ನನಗೇನೂ ಆಗಿಲ್ಲ. ಫೋನ್ ಬಿಟ್ಟು ಕಾಗದ ಹಿಡಿಯುವ ಹಾಗೆ ಮಾಡಿದವಳು ನೀನೇ. ಕಳೆದ ಭಾನುವಾರ ಫೋನಿನಲ್ಲಿ ನಾನು ಅಷ್ಟು ದೊಡ್ಡ ಸುದ್ದಿ ಹೇಳಿದೆ. ನೀನು "ಹೂಂ, ಹೂಂ, ಒಳ್ಳೇದಾಯ್ತು" ಅಂದೆ. ಹಿಂದಿನಿಂದ ಟಕಟಕ ಎಂದು ಕೀಲಿಮಣೆಯ ಸದ್ದು ಬರುತ್ತಲೇ ಇತ್ತು. ಆಮೇಲೆ "ಊಟ ಆಯ್ತಾ?" ಎಂದು ಕೇಳಿದೆ. ಅಮ್ಮ, ನಾನು ಹೇಳಿದ್ದು ನನ್ನ ಮದುವೆಯ ವಿಷಯ! ಕಾಗದವನ್ನಾದರೆ ಕೈಯಲ್ಲಿ ಹಿಡಿದು ಓದಬೇಕು, ಓದುತ್ತ ಟೈಪ್ ಮಾಡಲು ಆಗುವುದಿಲ್ಲ. ಇನ್ನು ಮುಂದೆ ಮುಖ್ಯವಾದದ್ದೆಲ್ಲ ಕಾಗದದಲ್ಲೇ. ಉತ್ತರವೂ ಕಾಗದದಲ್ಲೇ ಬರಲಿ.

ಹಾಗಾದರೆ ಮತ್ತೊಮ್ಮೆ ಹೇಳುತ್ತೇನೆ. ನಾನು ಮದುವೆಯಾಗುತ್ತಿದ್ದೇನೆ. ಹುಡುಗ ನಮ್ಮ ಹೆರಿಗೆ ಆಸ್ಪತ್ರೆಯ ಲಿಫ್ಟುಗಳನ್ನು ನೋಡಿಕೊಳ್ಳುವ ಮೆಕ್ಯಾನಿಕ್. ಒಮ್ಮೆ ಎರಡನೇ ಮಹಡಿಗೂ ಮೂರನೇ ಮಹಡಿಗೂ ನಡುವೆ ಲಿಫ್ಟು ನಿಂತುಬಿಟ್ಟಿತು. ಒಳಗೆ ನಾನು, ನನ್ನ ಜೊತೆ ಒಬ್ಬಳು ತುಂಬು ಗರ್ಭಿಣಿ. ಇವನು ಮೇಲಿನಿಂದ ಬಾಗಿಲು ಸರಿಸಿ ಇಣುಕಿ, "ಯಾರೂ ಆತುರ ಮಾಡ್ಬೇಡಿ" ಅಂದ. "ಅದನ್ನ ಮಗುವಿಗೆ ಹೇಳಿ" ಅಂದೆ. ಪರಿಚಯವಾದದ್ದು ಹಾಗೆ. ಆಸ್ಪತ್ರೆಯಲ್ಲಿ ಎಲ್ಲರೂ ಅವನನ್ನು ಲಿಫ್ಟಣ್ಣ ಎಂದೇ ಕರೆಯುವುದು. ಎರಡು ವರ್ಷ ನಾನೂ ಹಾಗೇ ಕರೆಯುತ್ತಿದ್ದೆ, ಈಗ ಆ 'ಅಣ್ಣ'ನನ್ನು ಏನು ಮಾಡುವುದೋ ತಿಳಿಯದೆ ಒದ್ದಾಡುತ್ತಿದ್ದೇನೆ. ಸದ್ಯಕ್ಕೆ ಲಿಫ್ಟ್ ಸಾಹೇಬರು ಎಂದು ಬಡ್ತಿ ಕೊಟ್ಟಿದ್ದೇನೆ.

ದೊಡ್ಡ ಮದುವೆಯೇನಲ್ಲ. ನೋಂದಣಿ ಕಚೇರಿಯಲ್ಲಿ ಸಹಿ, ಆಮೇಲೆ ಅವನ ವರ್ಕ್‌ಶಾಪಿನ ಅಂಗಳದಲ್ಲಿ ಇಪ್ಪತ್ತು ಜನರಿಗೆ ಊಟ. ಇಬ್ಬರಿಗೂ ರಜೆ ಕೂಡಿ ಬರುವುದು ಮಂಗಳವಾರ ಮಾತ್ರ. ಯಾವ ಮಂಗಳವಾರ ಎಂಬುದನ್ನು ನೀನು ಹೇಳಬೇಕು. ನೀನು ಪಕ್ಕದಲ್ಲಿ ನಿಲ್ಲದೆ ನಾನು ಪೆನ್ನು ಮುಟ್ಟುವುದಿಲ್ಲ. ಮೂರು ವರ್ಷದಿಂದ "ಈ ಬಿಡುಗಡೆ ಒಂದು ಆಗ್ಲಿ, ಬರ್ತೀನಿ" ಎನ್ನುತ್ತಿದ್ದೀಯ. ನಾನು ಹೊಸ ಮನೆಗೆ ಬಂದಾಗಲೂ ಅದೇ, ಮೊಣಕೈ ಮುರಿದುಕೊಂಡಾಗಲೂ ಅದೇ. ಈ ಸಲ ನನಗೆ ತಾರೀಖು ಬೇಕು. "ಆದಷ್ಟು ಬೇಗ" ಎಂಬ ತಾರೀಖು ನಮ್ಮ ಕ್ಯಾಲೆಂಡರಿನಲ್ಲಿ ಇಲ್ಲ.

ನಿನ್ನ ಮಗಳು


ಫೆಬ್ರವರಿ 2

ಪುಟ್ಟಿ,

ನಿನ್ನ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು, ಕಂಪ್ಯೂಟರಿಗೆ ಬೆನ್ನು ಹಾಕಿ ಕೂತು ಓದಿದೆ. ನಾನು ಚೆನ್ನಾಗಿದ್ದೇನೆ, ಬೆನ್ನು ಮಾತ್ರ ಬೇರೆ ಅಭಿಪ್ರಾಯ ಇಟ್ಟುಕೊಂಡಿದೆ. ಖುಷಿಗೆ ಅಡುಗೆಮನೆಯಲ್ಲಿ ಒಬ್ಬಳೇ ಕುಣಿದೆ, ಒಂದು ಸಾಸರು ಒಡೆಯಿತು. ಆ ಭಾನುವಾರ ನಿನ್ನ ಮಾತು ಕಿವಿಗೆ ಬಿದ್ದರೂ ತಲೆಗೆ ಹತ್ತಲಿಲ್ಲ. ತಪ್ಪಾಯಿತು ಕಣೇ.

ಅಳಿಯಂದಿರಾಗುವವರು "ನಿಮ್ಮಮ್ಮ ಏನು ಕೆಲಸ ಮಾಡ್ತಾರೆ" ಎಂದರೆ ನೀನು "ಏನೋ ಕಂಪ್ಯೂಟರು" ಎಂದು ಕೈಯಾಡಿಸುತ್ತೀಯ ಎಂದು ಗೊತ್ತು. ಸರಿಯಾಗಿ ಹೇಳು. ಕಂಪ್ಯೂಟರುಗಳು ಒಂದಕ್ಕೊಂದು ಸಂದೇಶ ಕಳಿಸುತ್ತಲೇ ಇರುತ್ತವೆ. ಅವು ಒಂದರ ಮೇಲೊಂದು ಬೀಳದಂತೆ, ಒಂದೂ ಕಳೆದುಹೋಗದಂತೆ, ಬಂದ ಕ್ರಮದಲ್ಲೇ ನಿಲ್ಲಿಸಿ ತಲುಪಿಸುವ ತಂತ್ರಾಂಶ ನಮ್ಮದು. ಅದರ ಹೆಸರು 'ಸಾಲು'. ಅದಕ್ಕೆ ಒಡೆಯರಿಲ್ಲ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಪುಕ್ಕಟೆಯಾಗಿ ಬಳಸಬಹುದು. ನೀರು ಸರಬರಾಜು, ರೈಲು ಟಿಕೆಟ್ಟು, ಆಸ್ಪತ್ರೆ, ಇಂಥವುಗಳ ಅಡಿಯಲ್ಲಿ ಅದು ಸದ್ದಿಲ್ಲದೆ ಓಡುತ್ತಿರುತ್ತದೆ. ಚೆನ್ನಾಗಿ ಓಡುವಷ್ಟು ದಿನ ಅದು ಇದೆ ಎಂಬುದೇ ಯಾರಿಗೂ ತಿಳಿಯುವುದಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ, ನೀನು ಮೂರನೇ ಕ್ಲಾಸಿನಲ್ಲಿದ್ದಾಗ, ಅದನ್ನು ಶುರು ಮಾಡಿದವಳು ನಾನು. ಈಗ ಬೇರೆ ಬೇರೆ ದೇಶಗಳ ಏಳು ಜನ ಅದರ ಹೊಣೆ ಹೊತ್ತಿದ್ದೇವೆ, ನೂರಾರು ಜನ ಕೈ ಜೋಡಿಸುತ್ತಾರೆ. ಆದರೂ ಪ್ರತಿ ಹೊಸ ಆವೃತ್ತಿ ಹೊರಗೆ ಹೋಗುವುದು ನನ್ನ ಸಹಿ ಬಿದ್ದ ಮೇಲೆಯೇ.

ತಾರೀಖು ಕೇಳಿದ್ದೀಯ. ಹಿಂದಿನ ಆವೃತ್ತಿ ಬಿಡುಗಡೆಯಾಗಿ ಹದಿನಾಲ್ಕು ತಿಂಗಳಾಯಿತು. ತಡವಾಗಿರುವುದು ನನ್ನ ಭಾಗದಿಂದಲೇ. ಅವಸರದ ಸಂದೇಶಗಳಿಗೆ ಒಂದು ಪ್ರತ್ಯೇಕ ಸಾಲು ಮಾಡುತ್ತಿದ್ದೇನೆ: ಮುಂದೆ ಹೋಗಬೇಕಾದದ್ದು ಮುಂದೆ ಹೋಗಬೇಕು, ಹಿಂದೆ ನಿಂತವರ ಸರದಿಯೂ ಕೆಡಬಾರದು. ಅದು ನನ್ನ ಜೀವಮಾನದ ಕೆಲಸ ಪುಟ್ಟಿ. ಇನ್ನೇನು ಮುಗಿಯಿತು ಎನ್ನುವಾಗ ಒಂದು ಎಳೆ ಬಿಚ್ಚಿಕೊಳ್ಳುತ್ತದೆ. ಅದಾಗದೆ ಬಿಡುಗಡೆ ಮಾಡಲು ನನಗೆ ಮನಸ್ಸಿಲ್ಲ. ನೀನೇ ಸೂಲಗಿತ್ತಿ. "ಇಂಥ ಮಂಗಳವಾರ ಹುಟ್ಟಬೇಕು" ಎಂದು ಮಗುವಿಗೆ ನೋಟೀಸು ಕೊಡುತ್ತೀಯೇನು? ಬಲಿತ ಮೇಲೆ ತಾನೇ ಬರುತ್ತದೆ. ಸ್ವಲ್ಪ ತಾಳಿಕೋ. ಬೇಸಿಗೆಯೊಳಗೆ ಖಂಡಿತ.

ಮೊಣಕೈ ಈಗ ಹೇಗಿದೆ?

ನಿನ್ನ ಅಮ್ಮ


ಫೆಬ್ರವರಿ 23

ಅಮ್ಮ,

ಮೊಣಕೈ ಮುರಿದು ಒಂದೂವರೆ ವರ್ಷವಾಯಿತು. ವಾಸಿಯಾಗಿದೆ.

ಈ ಕಾಗದವನ್ನು ಕೋಪದಲ್ಲಿ ಬರೆಯಬಾರದೆಂದು ನಾಲ್ಕು ದಿನ ಕಾದೆ. ಕೋಪ ಇಳಿಯಲಿಲ್ಲ, ಹಾಗಾಗಿ ಕೋಪದಲ್ಲೇ ಬರೆಯುತ್ತಿದ್ದೇನೆ.

ಹೋದ ವಾರ ನಮ್ಮಲ್ಲಿ ಮೂರು ದಿನ ರಕ್ತಪರೀಕ್ಷೆಯ ರಿಪೋರ್ಟುಗಳು ಮೇಲೆ ಬರಲಿಲ್ಲ. ಲ್ಯಾಬು ನೆಲಮಹಡಿಯಲ್ಲಿ, ಹೆರಿಗೆ ವಾರ್ಡು ಮೂರನೆಯದರಲ್ಲಿ. ಮಾಮೂಲಾಗಿ ರಿಪೋರ್ಟು ನಮ್ಮ ಕಂಪ್ಯೂಟರಿಗೇ ಬರುತ್ತದೆ. ಸೋಮವಾರ ಬೆಳಿಗ್ಗೆ ವಾರ್ಡಿನ ಕಂಪ್ಯೂಟರನ್ನು ಆರಿಸಿ ಮತ್ತೆ ಹಾಕಿದರು, ಅಷ್ಟೇ, ಬರುತ್ತಿದ್ದ ಒಂದು ರಿಪೋರ್ಟು ಬಾಗಿಲಲ್ಲೇ ಸಿಕ್ಕಿಕೊಂಡಿತು, ಅದರ ಹಿಂದಿನದೆಲ್ಲ ನಿಂತುಹೋಯಿತು. ಅರವತ್ತೆರಡು ಮೆಟ್ಟಿಲು ಅಮ್ಮ. ಲಿಫ್ಟು ರೋಗಿಗಳಿಗೇ ಸಾಲದು, ನಾವು ರಿಪೋರ್ಟು ಹಿಡಿದುಕೊಂಡು ಹತ್ತಿ ಇಳಿದು ಹತ್ತಿ ಇಳಿದು ಕಾಲು ಬಿದ್ದುಹೋದವು. ಯಾರಿಗೂ ಏನೂ ತೊಂದರೆಯಾಗಲಿಲ್ಲ, ಹೆದರಬೇಡ. ಮೂರು ದಿನದಲ್ಲಿ ಹನ್ನೊಂದು ಮಕ್ಕಳು ಹುಟ್ಟಿದವು, ಎಲ್ಲವೂ ಗಟ್ಟಿಯಾಗಿ ಅತ್ತವು.

ಮೂರನೇ ದಿನ ನಮ್ಮ ಕಂಪ್ಯೂಟರ್ ಕೋಣೆಯವರು ಬಂದು ತಲೆ ಕೆರೆದುಕೊಂಡರು. "ಇದಕ್ಕೆ ರಿಪೇರಿ ಇದೆ ಸಿಸ್ಟರ್. 'ಸಾಲು' ಅಂತ ಒಂದು ತಂತ್ರಾಂಶ, ಅದರದ್ದೇ ತೊಂದರೆ. ರಿಪೇರಿ ಬರೆದೂ ಇಟ್ಟಿದ್ದಾರೆ. ಆದ್ರೆ ಹೊರಗೆ ಬಿಟ್ಟಿಲ್ಲ."

"ಯಾಕೆ ಬಿಟ್ಟಿಲ್ಲ?"

"ಇನ್ನೇನೋ ದೊಡ್ಡದು ಮುಗೀಬೇಕಂತೆ."

ಪರದೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. ಬರೆದವರ ಹೆಸರು ನಿನ್ನದು. ತಾರೀಖು ಹೋದ ಮೇ ತಿಂಗಳದು. ಒಂಬತ್ತು ತಿಂಗಳ ಲೆಕ್ಕವನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದು ನನ್ನ ಅಮ್ಮ ಎಂದು ನಾನು ಅವರಿಗೆ ಹೇಳಲಿಲ್ಲ. ನೀನು ನನ್ನ ಅಮ್ಮ ಎಂಬುದನ್ನು ನಾನು ಮುಚ್ಚಿಟ್ಟದ್ದು ಅದೇ ಮೊದಲು. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ನೋವಾಯಿತು.

ಸೂಲಗಿತ್ತಿಯ ಮಾತೆತ್ತಿದೆಯಲ್ಲ, ಕೇಳು. ಮಗು ತನ್ನ ಹೊತ್ತಿಗೆ ಹುಟ್ಟುತ್ತದೆ, ಒಪ್ಪಿದೆ. ಆದರೆ ನಾನು ಡ್ಯೂಟಿಗೆ ಹೋಗುವುದು ಬೆಳಿಗ್ಗೆ ಎಂಟಕ್ಕೆ, ಬಿಡುವುದು ನಾಲ್ಕಕ್ಕೆ. ಅಷ್ಟರೊಳಗೆ ಬಂದ ಮಗು ನನ್ನ ಕೈಗೆ, ಬಾರದ್ದು ಮುಂದಿನ ಪಾಳಿಯವರ ಕೈಗೆ. ಎಲ್ಲ ಹೆರಿಗೆಯೂ ಮುಗಿದ ಮೇಲೆಯೇ ಪಾಳಿ ಬದಲಾಯಿಸುತ್ತೇವೆ ಎಂದು ಕೂತರೆ ಆಸ್ಪತ್ರೆ ಮುಚ್ಚಬೇಕಾಗುತ್ತದೆ. ನೀನು ಮಾಡಿರುವುದು ಇನ್ನೂ ವಿಚಿತ್ರ. ಹುಟ್ಟಿ ಗುಂಡುಕಲ್ಲಿನಂತಿರುವ ಮಕ್ಕಳನ್ನೆಲ್ಲ ಮನೆಗೆ ಕಳಿಸದೆ ವಾರ್ಡಿನಲ್ಲಿ ಕೂಡಿಹಾಕಿದ್ದೀಯ, ಹುಟ್ಟದ ಒಂದಕ್ಕೋಸ್ಕರ.

ಕೂಡಿಹಾಕಿದವರ ಪಟ್ಟಿಯಲ್ಲಿ ನಾನೂ ಇದ್ದೇನೆ.

ಮಗಳು


ಮಾರ್ಚ್ 16

ಪುಟ್ಟಿ,

ಮೂರು ಸಲ ಬರೆದು ಹರಿದೆ. ಮೊದಲನೆಯದರಲ್ಲಿ ನಾನು ಸರಿ ಎಂದು ವಾದ ಮಾಡಿದ್ದೆ, ಎರಡನೆಯದರಲ್ಲಿ ಬರೀ ಅತ್ತಿದ್ದೆ, ಮೂರನೆಯದನ್ನು ಯಾಕೆ ಹರಿದೆನೋ ನೆನಪಿಲ್ಲ. ಅಮ್ಮನೆಂದು ಹೇಳಲಿಲ್ಲ ಎಂದು ಬರೆದೆಯಲ್ಲ, ಆ ಸಾಲು ಕರುಳಿಗೇ ತಾಗಿತು. ತಪ್ಪು ನನ್ನದು. ನಿನ್ನ ಹತ್ತಿರ ಕ್ಷಮೆ ಕೇಳುತ್ತೇನೆ, ಆ ಅರವತ್ತೆರಡು ಮೆಟ್ಟಿಲಿನ ಹತ್ತಿರವೂ.

ಕಾಗದ ಬಂದ ಮಾರನೇ ದಿನವೇ ಆ ರಿಪೇರಿಯೊಂದನ್ನೇ ಬಿಡಿಯಾಗಿ ಹೊರಗೆ ಬಿಟ್ಟೆ. ಇಷ್ಟು ಹೊತ್ತಿಗೆ ನಿಮ್ಮ ಕಂಪ್ಯೂಟರ್ ಕೋಣೆಯವರಿಗೆ ತಲುಪಿರಬೇಕು. ಅರ್ಧ ದಿನದ ಕೆಲಸ. ಅರ್ಧ ದಿನದ ಕೆಲಸವನ್ನು ಒಂಬತ್ತು ತಿಂಗಳು ಬೆಚ್ಚಗೆ ಇಟ್ಟುಕೊಂಡಿದ್ದೆ.

ಆಮೇಲೆ ಏಳು ಜನರ ಸಭೆ ಕರೆದು ನಿನ್ನ ಕಾಗದದ ಹೆರಿಗೆ ವಾರ್ಡಿನ ಭಾಗವನ್ನು ಓದಿ ಹೇಳಿದೆ. ನಮ್ಮ ಸಂಶಯಪ್ಪ ಗೊತ್ತಲ್ಲ, ಎಲ್ಲವನ್ನೂ ಪರೀಕ್ಷೆ ಮಾಡಿ ನೋಡುವವರು, ಬೆಳಗಾಯಿತು ಎಂದರೂ "ನೋಡಿದಿರಾ?" ಎನ್ನುವವರು, ಅವರು ಮೊದಲು ಬಾಯಿ ಬಿಟ್ಟರು. "ಈ ಮಾತನ್ನ ನಾನು ಆರು ವರ್ಷದಿಂದ ಹೇಳ್ತಿದ್ದೆ. ಮಗಳು ಹೇಳ್ಬೇಕಾಯ್ತು ನೋಡಿ." ನಿಜ. ತಾರೀಖು ಗೊತ್ತುಮಾಡೋಣ ಎಂದು ಅವರು ಅಂದಾಗಲೆಲ್ಲ ನಾನು "ಇದೇನು ಬಸ್ಸಾ?" ಎಂದು ಬಾಯಿ ಮುಚ್ಚಿಸುತ್ತಿದ್ದೆ.

ಮುಂದೆ ಯಾವಾಗ ಬಿಡುಗಡೆ ಎಂದು ತಿಳಿಯದಿದ್ದಾಗ ಜನ ಏನು ಮಾಡುತ್ತಾರೆ ಎಂಬುದನ್ನು ಅವರೇ ಬಿಡಿಸಿ ಹೇಳಿದರು. ಈ ಸಲ ಬಿಟ್ಟರೆ ಇನ್ನು ಯಾವ ಕಾಲಕ್ಕೋ ಎಂದು ಎಲ್ಲರೂ ಅರೆಬೆಂದದ್ದನ್ನೂ ಒಳಗೆ ತುರುಕುತ್ತಾರೆ. ತುರುಕಿದ್ದನ್ನು ಸರಿಪಡಿಸುವಷ್ಟರಲ್ಲಿ ಇನ್ನೂ ತಡ. ತಡವಾದಷ್ಟೂ ಇನ್ನಷ್ಟು ತುರುಕುತ್ತಾರೆ. ಮುಂದಿನದು ಇಂಥ ದಿನ ಬಂದೇ ಬರುತ್ತದೆ ಎಂದು ಗೊತ್ತಿದ್ದರೆ ತಪ್ಪಿಸಿಕೊಂಡವರಿಗೂ ನಿದ್ದೆ ಬರುತ್ತದೆ.

ಎಷ್ಟು ದಿನಕ್ಕೊಮ್ಮೆ ಎಂಬುದಕ್ಕೆ ಮೂರು ಸಭೆ ಬೇಕಾದವು. ಒಬ್ಬರು ಎರಡು ವಾರಕ್ಕೊಮ್ಮೆ ಅಂದರು. ಅಭಿಪ್ರಾಯ ಕೇಳಲು ಕರೆಸಿದ್ದ ನೀರು ಸರಬರಾಜಿನವರು ಕೈಮುಗಿದರು: "ಏನು ಬದಲಾಗಿದೆ ಅಂತ ಓದೋಕೇ ನಮಗೆ ಮೂರು ವಾರ ಬೇಕು ತಾಯಿ." ಇನ್ನೊಬ್ಬರು ಆರು ತಿಂಗಳಿಗೊಮ್ಮೆ ಅಂದರು. ಆರು ತಿಂಗಳಾದರೆ ಮತ್ತೆ ಅದೇ ನೂಕುನುಗ್ಗಲು. ಕೊನೆಗೆ ಹೀಗೆ ತೀರ್ಮಾನವಾಯಿತು: ಆರು ವಾರಕ್ಕೊಮ್ಮೆ, ಮಂಗಳವಾರ, ಬೆಳಿಗ್ಗೆ ಹನ್ನೊಂದಕ್ಕೆ. ಬಿಡುಗಡೆಗೆ ಎರಡು ವಾರ ಮೊದಲೇ ಬಾಗಿಲು ಮುಚ್ಚುವುದು, ಅಷ್ಟರೊಳಗೆ ಪರೀಕ್ಷೆ ಪಾಸಾದದ್ದು ಮಾತ್ರ ಒಳಗೆ. ಅಪಾಯದ ರಿಪೇರಿಗಳು ಯಾವುದಕ್ಕೂ ಕಾಯದೆ ತಕ್ಷಣ ಹೊರಗೆ. ಪದೇ ಪದೇ ಬದಲಾಯಿಸಲಾಗದ ನಿಮ್ಮ ಆಸ್ಪತ್ರೆಯಂಥವರಿಗಾಗಿ ವರ್ಷಕ್ಕೊಂದು ಆವೃತ್ತಿಯನ್ನು ಆರಿಸಿ, ಎರಡು ವರ್ಷ ಅದಕ್ಕೆ ರಿಪೇರಿ ಒದಗಿಸುತ್ತ ಹೋಗುವುದು. ಕೊನೆಯ ನಿಯಮ ನಾನೇ ಬರೆದದ್ದು: ಯಾರ ಯಾವ ಕಾರಣಕ್ಕೂ ದಿನ ಬದಲಾಗದು.

ಮಂಗಳವಾರವೇ ಯಾಕೆ ಅಂತೀಯ? ಸೋಮವಾರ ಯಾರ ತಲೆಯೂ ನೆಟ್ಟಗಿರುವುದಿಲ್ಲ, ಶುಕ್ರವಾರ ಬಿಡುಗಡೆ ಮಾಡಿದರೆ ಶನಿವಾರದ ರಜೆ ಕೆಟ್ಟವರ ಶಾಪ ತಟ್ಟುತ್ತದೆ.

ಮೊದಲನೆಯದು ಮೇ 20. ಅಲ್ಲಿಗೆ ನನ್ನ ಕೈ ಖಾಲಿ. ಆದ್ದರಿಂದ ಮಗಳೇ, ಮೇ 27, ಮಂಗಳವಾರ. ಇದು ಬೇಸಿಗೆಯೊಳಗೆ ಅಲ್ಲ, ಆದಷ್ಟು ಬೇಗ ಅಲ್ಲ, ತಾರೀಖು! ಬರೆದುಕೋ.

ಅಮ್ಮ


ಮಾರ್ಚ್ 28

ಅಮ್ಮಾ, ಅಮ್ಮಾ,

ಬರೆದುಕೊಂಡೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ವಾರ್ಡಿನ ಡ್ಯೂಟಿ ಪಟ್ಟಿಯಲ್ಲಿ, ಅಂಗೈಯಲ್ಲೂ ಒಮ್ಮೆ. ನೋಂದಣಿ ಕಚೇರಿಗೆ ಓಡಿಹೋಗಿ ಸಮಯ ಗೊತ್ತುಮಾಡಿಸಿಯೂ ಬಂದೆವು. ಮೇ 27, ಬೆಳಿಗ್ಗೆ ಹನ್ನೊಂದು. ಅಲ್ಲಿನ ಗುಮಾಸ್ತೆ ಕನ್ನಡಕದ ಮೇಲಿಂದ ನೋಡಿ, "ತಾರೀಖು ಬದಲಾಯಿಸಿದ್ರೆ ಮತ್ತೆ ಮೂರು ತಿಂಗಳು ಸಿಗಲ್ಲ" ಎಂದು ಹೆದರಿಸಿದರು. "ನಮ್ಮಮ್ಮ ಕೊಟ್ಟ ತಾರೀಖು, ಬದಲಾಗಲ್ಲ" ಅಂದೆ. ಹೇಳುವಾಗ ಎಷ್ಟು ಖುಷಿಯಾಯಿತು ಗೊತ್ತಾ!

ರಿಪೇರಿ ಬಂತು. ಕಂಪ್ಯೂಟರ್ ಕೋಣೆಯವರು ಹಾಕಿ ಹದಿನೈದು ದಿನವಾಯಿತು, ಒಂದು ರಿಪೋರ್ಟೂ ಸಿಕ್ಕಿಕೊಂಡಿಲ್ಲ. "ಸಿಸ್ಟರ್, ಯಾರೋ ಪುಣ್ಯಾತ್ಮರು ಬಿಟ್ಟರು" ಅಂದರು. ಆ ಪುಣ್ಯಾತ್ಮರು ನಮ್ಮಮ್ಮ ಎಂದು ಹೇಳಿಬಿಟ್ಟೆ. ಅವರು ನಂಬದೆ ಮತ್ತೆ ಮತ್ತೆ ಕೇಳಿ, ಕೊನೆಗೆ ನನಗೊಂದು ಕುರ್ಚಿ ಹಾಕಿ ಟೀ ತರಿಸಿದರು. ಆರು ವರ್ಷದಲ್ಲಿ ಆ ಕೋಣೆಯಲ್ಲಿ ನನ್ನನ್ನು ಯಾರೂ ಕೂರಿಸಿರಲಿಲ್ಲ.

ಸಾಹೇಬರು ತಾವೂ ಎರಡು ಮಾತು ಬರೆಯಬೇಕಂತೆ, ಪೆನ್ನು ಕಿತ್ತುಕೊಳ್ಳುತ್ತಿದ್ದಾರೆ.

ನಿನ್ನ ಮಗಳು

*ನಮಸ್ಕಾರ. ಅತ್ತೆ ಎಂದು ಬರೆಯಲು ಮೇ 27ರವರೆಗೆ ಕಾಯಬೇಕಂತೆ, ಆದರೂ ಬರೆದುಬಿಡುತ್ತೇನೆ. ಅತ್ತೆ, ಲಿಫ್ಟು ಕೆಟ್ಟ ಮೇಲೆ ಹೋದರೆ ಜನ ಬೈಯುತ್ತಾರೆ. ಕೆಡುವ ಮೊದಲೇ ಹೋದರೆ "ಚೆನ್ನಾಗೇ ಇದ್ಯಲ್ಲ, ಯಾಕೆ ಬಂದ್ರಿ" ಎನ್ನುತ್ತಾರೆ. ಹದಿನೆಂಟು ವರ್ಷದಿಂದ ನಾನು ತಿಂಗಳ ಮೊದಲ ಗುರುವಾರ ಹೋಗುತ್ತೇನೆ, ಬೈದರೂ ಹೋಗುತ್ತೇನೆ. ನೀವು ತಾರೀಖು ಹಾಕಿಕೊಂಡದ್ದು ಕೇಳಿ ನಮ್ಮ ಕಸುಬಿನವರು ಸಿಕ್ಕಿದಂತಾಯಿತು. ನಿಮ್ಮ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆಂದು ತಿಳಿಸಿ, ನಿಲ್ದಾಣದಲ್ಲಿರುತ್ತೇನೆ. ನಿಮ್ಮ ಅಳಿಯ.*


ಏಪ್ರಿಲ್ 13

ಪುಟ್ಟಿ,

ಮೊದಲು ಕೂತುಕೋ. ಕೂತೆಯಾ?

ಹದಿನೈದು ದಿನದ ಹಿಂದೆ ಸಭೆಯಲ್ಲಿ ಸಂಶಯಪ್ಪ, "ಮೊದಲನೇ ಸಲ, ಪರೀಕ್ಷೆಗೆ ಇನ್ನೊಂದು ವಾರ ಸಿಕ್ಕಿದ್ರೆ ಚೆನ್ನಾಗಿರುತ್ತೆ. ಎಲ್ಲಾನೂ ಒಂದು ವಾರ ಮುಂದಕ್ಕೆ ಸರಿಸಿ, ಅಲ್ಲಿಂದ ಆರಾರು ವಾರ ಎಣಿಸೋಣ" ಅಂದರು. ನ್ಯಾಯವಾದ ಮಾತು, ವೇಳಾಪಟ್ಟಿಯೂ ಆಗಿನ್ನೂ ಹೊರಗೆ ಹೋಗಿರಲಿಲ್ಲ, ನಿಯಮ ಮುರಿದಂತೆಯೂ ಅಲ್ಲ. ಒಪ್ಪುವವರು ಕೈ ಎತ್ತಿ ಎಂದಾಗ ಮೊದಲು ಎತ್ತಿದ ಕೈ ನನ್ನದೇ. ದೊಡ್ಡ ಮನಸ್ಸು ತೋರಿಸಿದೆ ಎಂದು ಒಳಗೊಳಗೇ ಬೀಗಿದೆ ಕೂಡ. ಆಮೇಲೆ ವೇಳಾಪಟ್ಟಿಯನ್ನು ಊರಿಗೆಲ್ಲ ಪ್ರಕಟಿಸಿಯೂ ಆಯಿತು. ನೀರು ಸರಬರಾಜಿನವರು ತಮ್ಮ ಕೆಲಸಗಾರರ ರಜೆಯನ್ನು ಅದಕ್ಕೆ ಹೊಂದಿಸಿಕೊಂಡರಂತೆ, ರೈಲಿನವರೂ ಹಾಗೇ.

ನಿನ್ನೆ ನಿನ್ನ ಮದುವೆಗೆಂದು ಸೀರೆ ತೆಗೆದು ಮಡಿಕೆ ಬಿಡಿಸುತ್ತಿದ್ದೆ. ಆಗ ತಲೆಗೆ ಹೊಳೆಯಿತು. 20ಕ್ಕೆ ಏಳು ಸೇರಿಸಿದರೆ 27.

ಮೇ 27, ಮಂಗಳವಾರ, ಬೆಳಿಗ್ಗೆ ಹನ್ನೊಂದು. ಗಂಟೆಯೂ ಅದೇ ಕಣೇ! ಲಕ್ಷಗಟ್ಟಲೆ ಸಂದೇಶಗಳನ್ನು ಒಂದಕ್ಕೊಂದು ಡಿಕ್ಕಿಯಾಗದಂತೆ ನಡೆಸುವವಳು, ನನ್ನ ಜೀವನದ ಎರಡೇ ಎರಡು ತಾರೀಖುಗಳನ್ನು ತಂದು ಡಿಕ್ಕಿ ಹೊಡೆಸಿದ್ದೇನೆ.

ದಿನ ಬದಲಾಯಿಸಿ ಎಂದು ನಾನು ಕೇಳುವುದು ಹೇಗೆ? ಮೊದಲ ಬಿಡುಗಡೆಯಲ್ಲೇ ನಿಯಮ ಮುರಿದರೆ ಮುಂದೆ ಅದನ್ನು ಯಾರು ನಂಬುತ್ತಾರೆ? ಬಿಡುಗಡೆಗೆ ಕಂಪ್ಯೂಟರಿನಲ್ಲೇ ಸಹಿ ಹಾಕುವ ಗುಟ್ಟಿನ ಕೀಲಿ ಇರುವುದು ನನ್ನ ಹತ್ತಿರ ಮಾತ್ರ. ಒಂದು ದಾರಿ ಯೋಚಿಸಿದ್ದೇನೆ. ಲ್ಯಾಪ್‌ಟಾಪು ಜೊತೆಗೇ ತರುತ್ತೇನೆ. ನಿಮ್ಮ ಸಹಿಯಾದ ತಕ್ಷಣ ಹತ್ತೇ ಹತ್ತು ನಿಮಿಷ ಹೊರಗೆ ಬೆಂಚಿನ ಮೇಲೆ ಕೂತು ಮುಗಿಸಿ ಬರುತ್ತೇನೆ. ಫೋಟೋದ ಹೊತ್ತಿಗೆ ಸರಿಯಾಗಿ ಒಳಗಿರುತ್ತೇನೆ. ಆಗದೇ?

ಅಮ್ಮ


ಏಪ್ರಿಲ್ 21

ಅಮ್ಮ,

ಆಗದು.

ನಿನ್ನ ಹತ್ತು ನಿಮಿಷ ನನಗೆ ಗೊತ್ತು. ನನ್ನ ಹತ್ತನೇ ಹುಟ್ಟುಹಬ್ಬದ ಕೇಕಿನ ಮೇಣದಬತ್ತಿಗಳು ನಿನ್ನ ಹತ್ತು ನಿಮಿಷದಲ್ಲಿ ಬುಡದವರೆಗೆ ಕರಗಿದ್ದವು. ಅದನ್ನು ನೆನೆದು ಈಗ ನಗುತ್ತೇನೆ, ನಿಜವಾಗಿಯೂ ನಗುತ್ತೇನೆ. ಆದರೆ ಮೇ 27ರ ಬಗ್ಗೆ ಇಪ್ಪತ್ತು ವರ್ಷ ಕಾದು ನಗಲು ನನ್ನಿಂದಾಗದು. ಬೆಂಚಿನ ಮೇಲೆ ಕೂತ ಅಮ್ಮ ಬೇಡ. ನೋಂದಣಿ ಪುಸ್ತಕದಲ್ಲಿ ಸಾಕ್ಷಿಯ ಸಹಿ ನಿನ್ನದೇ ಬೇಕು.

ಒಂದು ಪ್ರಶ್ನೆ ಕೇಳುತ್ತೇನೆ, ಕೋಪ ಮಾಡಿಕೊಳ್ಳಬೇಡ. ನಾಳೆ ನಿನಗೆ ಜ್ವರ ಬಂದು ಮಲಗಿದರೆ ಆ ಲಕ್ಷಾಂತರ ಸಂದೇಶಗಳ ಗತಿಯೇನು? ಮೊಣಕೈ ಮುರಿದು ನಾನು ಎರಡು ತಿಂಗಳು ರಜೆಯಲ್ಲಿದ್ದಾಗ ಇನ್ನೂರು ಮಕ್ಕಳು ಹುಟ್ಟಿದವು. ವಾಪಸು ಹೋಗಿ, ನಾನಿಲ್ಲದೆ ಕಷ್ಟವಾಯಿತಾ ಎಂದು ಕೇಳಿದೆ. "ಇಲ್ವಲ್ಲ" ಅಂದರು. ಮುಖ ಚಿಕ್ಕದಾಯಿತು ಅಮ್ಮ. ಆದರೆ ಅವತ್ತಿನಿಂದ ರಜೆಯಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡುತ್ತೇನೆ.

ಆರು ವರ್ಷದಿಂದ ಸರಿಯಾದ ಮಾತು ಹೇಳಿದ ಒಬ್ಬರು ನಿಮ್ಮಲ್ಲೇ ಇದ್ದಾರಲ್ಲ, ಅವರಿಗೆ ಕಲಿಸು. ಇನ್ನೂ ಐದು ವಾರ ಇದೆ.

ಮಗಳು


ಮೇ 14

ಪುಟ್ಟಿ,

ನಿನ್ನ ಕಾಗದ ಓದಿ ಎರಡು ದಿನ ಊರವರ ಮೇಲೆಲ್ಲ ಸಿಡುಕಿದೆ. ಮೂರನೇ ದಿನ ಸಂಶಯಪ್ಪನಿಗೆ ಫೋನ್ ಮಾಡಿ, ಇನ್ನು ಮುಂದೆ ಸಹಿ ನೀವು ಹಾಕುತ್ತೀರಾ ಎಂದು ಕೇಳಿದೆ.

"ನನ್ನ ಮೇಲೆ ನಿಮಗೆ ನಂಬಿಕೆ ಇದ್ಯಾ?" ಅಂದರು.

"ನಿಮಗೆ ನಿಮ್ಮ ಮೇಲೆ ಇದ್ಯಾ?"

"ಅದನ್ನ ಪರೀಕ್ಷೆ ಮಾಡ್ಬೇಕು."

ಮಾಡಿದೆವು. ಅವರ ಹೆಸರಿನಲ್ಲೇ ಹೊಸ ಕೀಲಿ ಮಾಡಿ, ಇನ್ನು ಇದೂ ನಡೆಯುತ್ತದೆ ಎಂದು ಎಲ್ಲರಿಗೂ ತಿಳಿಸಿದೆವು. ಮಾಡಬೇಕಾದ ಕೆಲಸಗಳನ್ನು ನಾನು ಎಂದೂ ಬರೆದಿಟ್ಟವಳಲ್ಲ, ಎಲ್ಲ ತಲೆಯಲ್ಲೇ. ಬರೆಯಲು ಕೂತರೆ ನಲವತ್ತೊಂದು ಹೆಜ್ಜೆ ಆದವು! ಅವುಗಳಲ್ಲಿ ಒಂಬತ್ತನ್ನು ಯಾಕೆ ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ. ಹದಿನೇಳನೆಯ ಹೆಜ್ಜೆಯಲ್ಲಿ "ಈಗ ಎದ್ದು ಒಂದು ಲೋಟ ನೀರು ಕುಡಿಯುವುದು" ಎಂದು ಬರೆದಿದ್ದೆ. ಅದಿಲ್ಲದೆ ನಾನು ಎಂದೂ ಬಿಡುಗಡೆ ಮಾಡಿದವಳೇ ಅಲ್ಲ. ಉಳಿದ ಎಂಟನ್ನು ತೆಗೆದ ಸಂಶಯಪ್ಪ ಅದೊಂದನ್ನು ಮಾತ್ರ ಇಟ್ಟುಕೊಂಡರು. ಮೂರು ಸಲ ಸುಳ್ಳು ಬಿಡುಗಡೆ ಮಾಡಿ ಅಭ್ಯಾಸ ನಡೆಸಿದೆವು. ಮೂರನೆಯದರಲ್ಲಿ ನಾನು ಒಂದು ಮಾತೂ ಆಡಬಾರದೆಂದು ಕರಾರು. ನಾಲಿಗೆ ಕಚ್ಚಿಕೊಂಡು ಕೂತೆ. ಅವರು ನನಗಿಂತ ಹನ್ನೆರಡು ನಿಮಿಷ ಬೇಗ ಮುಗಿಸಿದರು.

ಇನ್ನೊಂದು ಹೇಳಬೇಕು. ನಿನ್ನೆ ಬಾಗಿಲು ಮುಚ್ಚುವ ದಿನ. ನನ್ನ ಅವಸರದ ಸಾಲು ಒಂಬೈನೂರು ಪರೀಕ್ಷೆಗಳಲ್ಲಿ ಎಂಟುನೂರ ತೊಂಬತ್ತೇಳನ್ನು ಪಾಸಾಯಿತು. ಮೂರು ಉಳಿದವು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. "ನೀವು ಹೇಳಿದ್ರೆ ಎರಡು ದಿನ ಬಾಗಿಲು ತೆರೆದಿಡೋಣ" ಎಂದು ಒಬ್ಬರು ಮೆಲ್ಲಗೆ ಅಂದೂ ಅಂದರು. ಬಾಯಿವರೆಗೆ ಬಂತು ಪುಟ್ಟಿ, ಸುಳ್ಳು ಹೇಳುವುದಿಲ್ಲ. ಹದಿನೇಳು ತಿಂಗಳು ಅದರ ಜೊತೆ ಎದ್ದಿದ್ದೇನೆ, ಮಲಗಿದ್ದೇನೆ. ಆದರೆ ಈ ಬಿಡುಗಡೆಯಲ್ಲಿ ಇನ್ನೂರ ಮೂವತ್ತು ಜನರ ಕೆಲಸ ಸಿದ್ಧವಾಗಿ ಕೂತಿತ್ತು. ಅವರಲ್ಲಿ ಕೆಲವರು ಒಂದು ವರ್ಷದಿಂದ ಕಾಯುತ್ತಿದ್ದವರು, ಒಮ್ಮೆಯೂ ಬೈಯದವರು.

ನನ್ನ ಭಾಗವನ್ನು ನನ್ನ ಕೈಯಿಂದಲೇ ಹೊರಗೆ ತೆಗೆದೆ. ಸ್ವಲ್ಪ ಹೊತ್ತು ಕಣ್ಣು ಮಂಜಾಯಿತು. ಆಮೇಲೆ ಯಾಕೋ ನಗು ಬಂತು. ತಪ್ಪಿದರೆ ತಪ್ಪಿತು, ಆರು ವಾರಕ್ಕೆ ಇನ್ನೊಂದು ಇದೆಯಲ್ಲ!

ನನ್ನ ಬಸ್ಸು 26ರ ಸಂಜೆ ನಾಲ್ಕಕ್ಕೆ ಬಂದು ತಲುಪುತ್ತದೆ. ಲ್ಯಾಪ್‌ಟಾಪನ್ನು ಪಕ್ಕದ ಮನೆಯವರಿಗೆ ಕೊಟ್ಟು ಬರುತ್ತೇನೆ. ಬೇಕಾದರೆ ಅಳಿಯಂದಿರು ಚೀಲ ತಪಾಸಣೆ ಮಾಡಲಿ.

ಅಮ್ಮ


ಜೂನ್ 8

ಪುಟ್ಟಿ, ಅಳಿಯಂದಿರೇ,

ಇನ್ನು ಇಬ್ಬರಿಗೂ ಸೇರಿಸಿಯೇ ಬರೆಯುವುದು, ನನಗೆ ಅಂಚೆಚೀಟಿ ಉಳಿಯುತ್ತದೆ.

ಅವತ್ತಿನ ಊಟದ ಗಲಾಟೆಯಲ್ಲಿ ನಿಮಗೆ ಹೇಳದೆ ಉಳಿದ ಕೆಲವು ವಿಷಯಗಳಿವೆ. ನೋಂದಣಿ ಕಚೇರಿಯ ಗೋಡೆಗಡಿಯಾರ ನನ್ನ ಎದುರಿಗೇ ಇತ್ತು. ಹನ್ನೊಂದಕ್ಕೆ ಎರಡು ನಿಮಿಷ ಇರುವಾಗ ನನ್ನ ಬೆರಳುಗಳು ತಾವೇ ಮಡಿಲಲ್ಲಿ ಟಕಟಕ ಆಡತೊಡಗಿದವು. ನೀನು ತಿರುಗಿ ನೋಡಲಿಲ್ಲ, ಆದರೆ ಕೈ ಚಾಚಿ ಅವುಗಳನ್ನು ಹಿಡಿದುಕೊಂಡೆ. ಆಮೇಲೆ ಗುಮಾಸ್ತೆ ಪುಸ್ತಕವನ್ನು ನನ್ನ ಕಡೆ ತಿರುಗಿಸಿ, "ಸಾಕ್ಷಿ ಇಲ್ಲಿ" ಅಂದರು. ಇಪ್ಪತ್ತೆರಡು ವರ್ಷದಲ್ಲಿ ಎಷ್ಟೋ ಸಹಿ ಹಾಕಿದ್ದೇನೆ, ಇದೊಂದನ್ನು ಒಂದೊಂದೇ ಅಕ್ಷರವಾಗಿ ನಿಧಾನಕ್ಕೆ ಬರೆದೆ. ಅಕ್ಷರ ಸೊಟ್ಟಗಾಗಿದ್ದರೆ ಕ್ಷಮಿಸಿ. ಅಂಥ ಖುಷಿ ನನಗೆ ಬೇರೆ ಯಾವ ಸಹಿಯಲ್ಲೂ ಆಗಿಲ್ಲ.

ಅಂಗಳದಲ್ಲಿ ಅಳಿಯಂದಿರ ಗೆಳೆಯರು ಲಿಫ್ಟಿನ ಹಳೇ ಬಾಗಿಲನ್ನೇ ಮೇಜು ಮಾಡಿ ಊಟ ಬಡಿಸಿದ್ದು, ಆ ಬಾಗಿಲ ಮೇಲೆ "ಆರು ಜನರಿಗೆ ಮಾತ್ರ" ಎಂದು ಬರೆದಿದ್ದರೂ ನಾವು ಹನ್ನೆರಡು ಜನ ಸುತ್ತ ಕೂತದ್ದು, ನೆನೆದರೆ ಈಗಲೂ ನಗು ತಡೆಯುವುದಿಲ್ಲ. ನಿಮ್ಮ ಆಸ್ಪತ್ರೆಯ ದೊಡ್ಡ ಡಾಕ್ಟರಮ್ಮ ನನ್ನನ್ನು ಎಳೆದುಕೊಂಡು ಕುಣಿದರು. ಬೆನ್ನು ಒಂದು ಮಾತೂ ಎತ್ತಲಿಲ್ಲ.

ಫೋನು ನೋಡಿದ್ದು ಸಂಜೆ ಆರಕ್ಕೆ, ಬಟ್ಟೆ ಬದಲಾಯಿಸುವಾಗ. ಸಂಶಯಪ್ಪನ ಮೂರು ಸಂದೇಶ. 11:04: "ಹೋಯ್ತು." 11:30: "ಇನ್ನೂ ಯಾರೂ ಬೈದಿಲ್ಲ. ಸಂಶಯ ಬರ್ತಿದೆ." 2:15: "ನೀರು ಸರಬರಾಜಿನವರು ಚೆನ್ನಾಗಿದೆ ಅಂದರು. ಲೋಟ ನೀರು ಕುಡಿದೆ. ನೀವು ಊಟ ಮಾಡಿ."

ಅದರ ಮೇಲೆ ಏನೂ ಇರಲಿಲ್ಲ. ನನ್ನನ್ನು ಯಾರೂ ಹುಡುಕಿರಲಿಲ್ಲ. ಎದೆಯಲ್ಲಿ ಒಮ್ಮೆ ಚುರ್ ಅಂದದ್ದು ನಿಜ. ಅದು ಇನ್ನೂ ಜೋರಾಗುತ್ತದೆಂದು ಮಂಚದ ಮೇಲೆ ಕೂತು ಕಾದೆ. ಜೋರಾಗಲಿಲ್ಲ. ಕೆಳಗೆ ನೀವಿಬ್ಬರೂ ಪಾತ್ರೆ ತೊಳೆಯುತ್ತ ಯಾವುದಕ್ಕೋ ಕಿತ್ತಾಡಿ ನಗುತ್ತಿದ್ದಿರಿ. ಹೋಗಿ ಬಟ್ಟಲು ಒರೆಸಿದೆ, ನಿಮಗೆ ನೆನಪಿರಬಹುದು.

ಮನೆಗೆ ಬಂದ ಮೇಲೆ ಆ ಮೂರು ಪರೀಕ್ಷೆಗಳಲ್ಲಿ ಎರಡನ್ನು ಸರಿಪಡಿಸಿದೆ. ಮುಂದಿನ ಬಿಡುಗಡೆ ಜುಲೈ 8. ಅಷ್ಟರೊಳಗೆ ಮೂರನೆಯದೂ ಸರಿಹೋದರೆ ನನ್ನ ಸಾಲು ಅದರಲ್ಲಿ ಹೋಗುತ್ತದೆ, ಇಲ್ಲದಿದ್ದರೆ ಆಗಸ್ಟ್ 19ಕ್ಕೆ. ಜುಲೈನದಕ್ಕೆ ಸಹಿ ಹಾಕುವವರು ಇನ್ನೊಬ್ಬರು, ನಾವೀಗ ಸರದಿ ಮಾಡಿಕೊಂಡಿದ್ದೇವೆ. ನನ್ನ ಸರದಿ ಬರುವುದು ಚಳಿಗಾಲಕ್ಕೆ.

ಈ ಶನಿವಾರ ನಾನು ಬರುತ್ತಿದ್ದೇನೆ. ಅವತ್ತು ಬಿಡುಗಡೆಯೂ ಇಲ್ಲ, ಮದುವೆಯೂ ಇಲ್ಲ, ಯಾರ ಮೊಣಕೈಯೂ ಮುರಿದಿಲ್ಲ. ಬರಲು ಕಾರಣವೇ ಇಲ್ಲ, ಹಾಗಾಗಿ ಬರುತ್ತಿದ್ದೇನೆ. ಬಸ್ಸು ಹತ್ತೂವರೆಗೆ ತಲುಪುತ್ತದೆ. ನಿಮಗೆ ಡ್ಯೂಟಿ ಇದ್ದರೆ ಬೀಗದ ಕೈಯನ್ನು ಪಕ್ಕದ ಮನೆಯಲ್ಲಿ ಕೊಟ್ಟಿರಿ. ನೀವು ಬರುವವರೆಗೆ ನಿಮ್ಮ ಕಿಟಕಿಯ ಹತ್ತಿರ ಸುಮ್ಮನೆ ಕೂತಿರುತ್ತೇನೆ, ನನಗೇನೂ ಅವಸರವಿಲ್ಲ.

ನಿಮ್ಮ ಅಮ್ಮ